ಕೊಳೆಯದ ನಾಡಿಗೆ ಮೈಸೂರಿನ ಬುತ್ತಿ

ನಮ್ಮ ರಾಜೀವನಗರದಲ್ಲಿ ಚಳಿ ಎಂದರೆ ಡಿಸೆಂಬರ್-ಜನವರಿಯ ಬೆಳಗಿನ ಚಳಿ. ಹದಿನೈದು ಡಿಗ್ರಿಗೆ ಇಳಿದರೆ ಸಾಕು, ಹಾಲು ಹಾಕುವವರು ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಬೆಳಗಿನ ನಮಾಜು ಮುಗಿಸಿ ಬಂದವರೂ ದೇವಸ್ಥಾನಕ್ಕೆ ಹೊರಟವರೂ ಒಂದೇ ಟೀ ಅಂಗಡಿಯ ಮುಂದೆ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಎಂಟೂವರೆಗೆ ಬಿಸಿಲು ಏರಿದರೆ ಚಳಿಯ ಕಥೆ ಮುಗಿಯಿತು. ಇಂಥ ಬಡಾವಣೆಯಲ್ಲಿ ಕುಳಿತು ಜಗತ್ತಿನ ಅತಿ ಶೀತ ಪ್ರದೇಶಗಳ ವಿಚಾರ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇಲ್ಲಿಂದ ಅಲ್ಲಿಗೆ ಒಂದು ದಾರಿ ಇದೆ. ಅದು ಅಡುಗೆಮನೆಯ ಮೂಲಕ ಹಾದುಹೋಗುತ್ತದೆ.

ಬೇಸಿಗೆ ಬಂತೆಂದರೆ ನಮ್ಮ ಮನೆಗಳ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಾರೆ, ಹಪ್ಪಳ ಒಣಗಿಸುತ್ತಾರೆ, ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿಯನ್ನು ಬಾಳಕ ಮಾಡುತ್ತಾರೆ. ಮಾವಿನಕಾಯಿಗೆ ಉಪ್ಪು ಬೆರೆಸಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ. "ಒದ್ದೆ ಕೈ ಹಾಕಬೇಡಿ" ಎಂದು ಹಿರಿಯ ಹೆಂಗಸರು ಗದರುವುದರ ಹಿಂದೆ ಒಂದು ಶಾಸ್ತ್ರವಿದೆ. ಆಹಾರವನ್ನು ಕೆಡಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಬೆಳೆಯಲು ನೀರೂ ಬೇಕು, ಹದವಾದ ಶಾಖವೂ ಬೇಕು. ಎರಡರಲ್ಲಿ ಒಂದನ್ನು ತೆಗೆದರೂ ಕೊಳೆಯುವ ಕೆಲಸ ನಿಲ್ಲುತ್ತದೆ, ಇಲ್ಲವೇ ತೀರ ನಿಧಾನವಾಗುತ್ತದೆ. ಅಜ್ಜಿ ಬಿಸಿಲಿನಿಂದ ನೀರನ್ನು ತೆಗೆದಳು. ಧ್ರುವ ಪ್ರದೇಶದಲ್ಲಿ ಪ್ರಕೃತಿ ಎರಡನ್ನೂ ತೆಗೆದಿದೆ. ಅಲ್ಲಿ ಶಾಖವಿಲ್ಲ. ನೀರು ಇದ್ದರೂ ಮಂಜುಗಡ್ಡೆಯ ಬೀಗದೊಳಗಿದೆ.

ಕಾರ್ಯಕ್ರಮದಲ್ಲಿ ಚಿತ್ರಗಳ ಮೂಲಕ ಕಂಡದ್ದನ್ನು ಇಲ್ಲಿ ಕೊಂಚ ಬಿಡಿಸಿ ಹೇಳುವುದು ನನ್ನ ಉದ್ದೇಶ. ಕೊಳೆಯುವಿಕೆಯೇ ನಡೆಯದಂಥ ನಾಡಿನಲ್ಲಿ ಜೀವ ಹೇಗೆ ಬಾಳುತ್ತದೆ? ಅಲ್ಲಿಗೆ ಹೋದ ಮನುಷ್ಯ ಏನನ್ನು ಒಯ್ದ, ಏನನ್ನು ಬಿಟ್ಟುಬಂದ? ಈ ಎರಡನೆಯ ಪ್ರಶ್ನೆಯಲ್ಲಿ ಮೈಸೂರಿಗೂ ಒಂದು ಪಾಲಿದೆ.

ಚಳಿಯ ಲೆಕ್ಕ

ಭೂಮಿಯ ಮೇಲೆ ಹವಾಮಾನ ಕೇಂದ್ರವೊಂದರಲ್ಲಿ ಅಳೆದಿರುವ ಅತಿ ಕಡಿಮೆ ಉಷ್ಣತೆ ಶೂನ್ಯಕ್ಕಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ವೊಸ್ತೋಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಇದು ದಾಖಲಾಯಿತು. ಉತ್ತರಾರ್ಧಗೋಳದಲ್ಲಿ ಈ ಸ್ಥಾನ ಗ್ರೀನ್‌ಲ್ಯಾಂಡಿನ ಹಿಮದ ಹಾಸಿಗೆಯದು. ಅಲ್ಲಿ 1991ರ ಡಿಸೆಂಬರ್ 22ರಂದು ಶೂನ್ಯಕ್ಕಿಂತ 69.6 ಡಿಗ್ರಿ ಕೆಳಗೆ ದಾಖಲಾಗಿತ್ತು. ಈ ಅಳತೆಯನ್ನು ವಿಶ್ವ ಹವಾಮಾನ ಸಂಸ್ಥೆ 2020ರಲ್ಲಿ ಮಾನ್ಯ ಮಾಡಿತು. ಜನ ಊರು ಕಟ್ಟಿಕೊಂಡು ವಾಸಿಸುವ ಕಡೆಗಳಲ್ಲಿ ಸೈಬೀರಿಯಾದ ಓಯ್ಮ್ಯಕೋನ್ ಹೆಸರಾದದ್ದು. 1933ರಲ್ಲಿ ಅಲ್ಲಿನ ಚಳಿ ಶೂನ್ಯಕ್ಕಿಂತ 67.7 ಡಿಗ್ರಿ ಕೆಳಗಿಳಿದಿತ್ತು.

ಇವುಗಳಲ್ಲಿ ಅಂಟಾರ್ಕ್ಟಿಕಾದ ಮಾತು ಬೇರೆಯೇ. ಸುಮಾರು 1 ಕೋಟಿ 40 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಆ ಖಂಡದ ಮೇಲೆ ಸರಾಸರಿ ಎರಡು ಕಿಲೋಮೀಟರಿನಷ್ಟು ದಪ್ಪದ ಹಿಮದ ಹೊದಿಕೆ ಇದೆ. ಕಲ್ಲು, ಮಣ್ಣು ಬಯಲಾಗಿ ಕಾಣುವ ಜಾಗ ನೂರರಲ್ಲಿ ಒಂದು ಪಾಲೂ ಇಲ್ಲ. ಒಳನಾಡಿನಲ್ಲಿ ಬೀಳುವ ಮಂಜನ್ನು ನೀರಿನ ಲೆಕ್ಕಕ್ಕೆ ತಂದರೆ ನಮ್ಮ ಬಯಲುಸೀಮೆಯ ಬರಗಾಲದ ವರ್ಷದ ಮಳೆಗಿಂತಲೂ ಎಷ್ಟೋ ಕಡಿಮೆ. ಹಿಮದಿಂದ ತುಂಬಿದ ಆ ಖಂಡವನ್ನು ವಿಜ್ಞಾನಿಗಳು ಮರುಭೂಮಿ ಎಂದು ಕರೆಯುವುದು ಇದೇ ಕಾರಣಕ್ಕೆ.

ಹಸಿರು ಕಡಿಮೆಯ ಸಂಸಾರ

ಅಂಟಾರ್ಕ್ಟಿಕಾ ಖಂಡದಲ್ಲಿ ತಾನಾಗಿ ಬೆಳೆಯುವ ಹೂ ಬಿಡುವ ಸಸ್ಯಗಳು ಎರಡೇ. ಒಂದು ಹುಲ್ಲು, ಇನ್ನೊಂದು ಪುಟ್ಟ ದಿಂಬಿನಂತೆ ಗುಂಪಾಗಿ ಬೆಳೆಯುವ ಗಿಡ. ಇವೆರಡೂ ಉತ್ತರಕ್ಕೆ ಚಾಚಿಕೊಂಡಿರುವ ಪರ್ಯಾಯದ್ವೀಪದ ಕಡೆ ಮಾತ್ರ. ಉಳಿದೆಡೆ ನೆಲದ ಮೇಲಿನ ಸಸ್ಯವೆಂದರೆ ಪಾಚಿ, ಹಾವಸೆ ಮತ್ತು ಕಲ್ಲುಹೂವು. ಬಿಸಿಬೇಳೆ ಭಾತಿನ ಮಸಾಲೆಗೆ ನಾವು ಹುರಿದು ಹಾಕುವ ಕಲ್ಲುಹೂವಿನ ದೂರದ ನೆಂಟರೇ ಅಲ್ಲಿನ ಬಂಡೆಗಳ ಮೇಲೂ ಅಂಟಿಕೊಂಡಿರುವುದು. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಈ ಸಂಸಾರ ವರ್ಷಕ್ಕೆ ಒಂದು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಮಾತ್ರ ಬೆಳೆಯುತ್ತದೆ. ಅಂಗೈಯಗಲದ ಕಲ್ಲುಹೂವು ಎಂದರೆ ಅದಕ್ಕೆ ನಮ್ಮ ಮುತ್ತಜ್ಜನಿಗಿಂತ ಹೆಚ್ಚು ವಯಸ್ಸಾಗಿರುವ ಸಂಭವವೇ ಹೆಚ್ಚು.

1903ರಲ್ಲಿ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ಮ್ಯಾಕ್‌ಮರ್ಡೋ ಪ್ರದೇಶದ ಒಣ ಕಣಿವೆಯೊಂದನ್ನು ಕಂಡಾಗ ಅಲ್ಲಿ ಜೀವವೇ ಇಲ್ಲವೆಂದು ಭಾವಿಸಿದ. ಕಣ್ಣಿಗೆ ಬಿದ್ದದ್ದು ಸತ್ತ ಸೀಲ್ ಪ್ರಾಣಿಯ ಅವಶೇಷ ಮಾತ್ರ. ಆದರೆ 1976ರಲ್ಲಿ ಅದೇ ಪ್ರದೇಶದ ಕಲ್ಲುಗಳನ್ನು ಒಡೆದು ನೋಡಿದ ವಿಜ್ಞಾನಿಗಳಿಗೆ ಕಲ್ಲಿನ ಹೊರಮೈಯಿಂದ ಕೆಲವು ಮಿಲಿಮೀಟರ್ ಒಳಗೆ ಹಸಿರು ಗೆರೆ ಕಂಡಿತು. ಮರಳುಗಲ್ಲಿನ ಸಂದುಗಳಲ್ಲಿ, ಗಾಳಿಯಿಂದ ಮರೆಯಾಗಿ, ಕಲ್ಲಿನ ಮೂಲಕ ಇಳಿಯುವ ಚೂರು ಬೆಳಕನ್ನೇ ನಂಬಿ ಸೂಕ್ಷ್ಮಜೀವಿಗಳು ಬದುಕಿದ್ದವು. ಆ ಕಣಿವೆಯ ಮಣ್ಣಿನಲ್ಲಿ ದಾರದೆಳೆಯಂಥ ಸೂಕ್ಷ್ಮ ಹುಳುಗಳೂ ಇವೆ. ನೀರು ಸಿಗದಾದಾಗ ಅವು ಮೈಯ ನೀರನ್ನೆಲ್ಲ ಕಳೆದುಕೊಂಡು ಸುರುಳಿ ಸುತ್ತಿ ಸಂಡಿಗೆಯಂತೆ ಒಣಗಿಬಿಡುತ್ತವೆ. ಮಂಜು ಕರಗಿ ತೇವ ತಾಗಿದ ದಿನ ಮತ್ತೆ ಹರಿದಾಡುತ್ತವೆ.

ನೆಲ ಬಡವಾದರೂ ಕಡಲು ಶ್ರೀಮಂತ. ಉಪ್ಪುನೀರು ಶೂನ್ಯಕ್ಕಿಂತ ಸುಮಾರು 1.9 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ಹೀಗಾಗಿ ಹೊರಗೆ ಎಷ್ಟೇ ಚಳಿಯಿದ್ದರೂ ಕಡಲೊಳಗೆ ಅದಕ್ಕೊಂದು ಮಿತಿ ಇದೆ. ಕಡಲ ಮೇಲಿನ ಮಂಜುಗಡ್ಡೆಯ ತಳಕ್ಕೆ ಪಾಚಿ ಅಂಟಿ ಬೆಳೆಯುತ್ತದೆ. ಅದನ್ನು ಕೆರೆದು ತಿನ್ನುವುದು ಕ್ರಿಲ್ ಎಂಬ ಸೀಗಡಿಯಂಥ ಜೀವಿ. ಕ್ರಿಲ್ಲನ್ನು ತಿಂದು ಪೆಂಗ್ವಿನ್, ಸೀಲ್, ತಿಮಿಂಗಿಲ ಎಲ್ಲವೂ ಬದುಕುತ್ತವೆ. ಅಲ್ಲಿನ ಹಲವು ಮೀನುಗಳ ರಕ್ತದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ಪ್ರೋಟೀನುಗಳಿವೆ. ಐಸ್ ಫಿಶ್ ಎಂಬ ಮೀನಿನ ರಕ್ತವಂತೂ ಕೆಂಪಲ್ಲ, ನೀರಿನಂತೆ ತಿಳಿ. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದರಿಂದ ಅದು ಹಿಮೋಗ್ಲೋಬಿನ್ ಇಲ್ಲದೆಯೇ ಬಾಳುತ್ತದೆ.

ಈ ಇಡೀ ಸಂಸಾರದ ನಾಣ್ಯ ಕೊಬ್ಬು. ಚಕ್ರವರ್ತಿ ಪೆಂಗ್ವಿನ್ ಮೊಟ್ಟೆಯಿಡುವುದು ನಡುಚಳಿಗಾಲದ ಹೊತ್ತಿಗೆ. ಗಂಡು ಹಕ್ಕಿ ಆ ಒಂದೇ ಮೊಟ್ಟೆಯನ್ನು ತನ್ನ ಪಾದಗಳ ಮೇಲಿಟ್ಟು ಹೊಟ್ಟೆಯ ಚರ್ಮದ ಮಡಿಕೆಯಲ್ಲಿ ಮುಚ್ಚಿ ಎರಡು ತಿಂಗಳಿಗೂ ಮಿಕ್ಕಿ ಕಾವು ಕೊಡುತ್ತದೆ. ಕಡಲಿನಿಂದ ಬಂದ ದಿನದಿಂದ ಮರಿ ಹೊರಬರುವವರೆಗೆ ಸುಮಾರು ನಾಲ್ಕು ತಿಂಗಳು ಅದಕ್ಕೆ ತುತ್ತಿಲ್ಲ. ಮೈಯ ಕೊಬ್ಬನ್ನೇ ಉರಿಸಿಕೊಂಡು, ನೂರಾರು ಹಕ್ಕಿಗಳು ಒತ್ತೊತ್ತಾಗಿ ನಿಂತು, ಹೊರಸುತ್ತಿನವು ಒಳಕ್ಕೂ ಒಳಗಿನವು ಹೊರಕ್ಕೂ ಸರಿಯುತ್ತ ಚಳಿಗಾಲವನ್ನು ಕಳೆಯುತ್ತವೆ.

ಕೆಡದೆ ಉಳಿದದ್ದು

ಇಂಥ ಕಡೆ ಮನುಷ್ಯ ಹೋದಾಗ ಅವನ ಮೊದಲ ತೊಂದರೆಯೂ ಕೊಬ್ಬಿನದೇ. 1911ರ ಡಿಸೆಂಬರ್ 14ರಂದು ನಾರ್ವೆಯ ಅಮುಂಡ್ಸನ್ ದಕ್ಷಿಣ ಧ್ರುವ ಮುಟ್ಟಿದ. 1912ರ ಜನವರಿ 17ರಂದು ಸ್ಕಾಟ್ ಮತ್ತು ಅವನ ನಾಲ್ವರು ಸಂಗಡಿಗರು ಅಲ್ಲಿಗೆ ತಲುಪಿದರು. ಹಿಂದಿರುಗುವ ದಾರಿಯಲ್ಲಿ ಐವರೂ ಮಡಿದರು. ಗಾಡಿ ಎಳೆದುಕೊಂಡು ಹಿಮದಲ್ಲಿ ನಡೆಯುವವರಿಗೆ ದಿನಕ್ಕೆ ಆರು ಸಾವಿರ ಕ್ಯಾಲೊರಿಗೂ ಹೆಚ್ಚು ಬೇಕಾಗುತ್ತದೆಂದು ಈಗ ಬಲ್ಲೆವು. ಅವರಿಗೆ ಸಿಗುತ್ತಿದ್ದುದು ಸುಮಾರು ನಾಲ್ಕೂವರೆ ಸಾವಿರ. ತಿಂಗಳುಗಟ್ಟಲೆ ದಿನವೂ ಅಷ್ಟು ಕೊರತೆಯಾದರೆ ದೇಹ ತನ್ನನ್ನೇ ತಿನ್ನತೊಡಗುತ್ತದೆ.

ಅವರು ಹೋದರು. ಅವರ ಸಾಮಾನು ಉಳಿಯಿತು. 1911ರಲ್ಲಿ ಕಟ್ಟಿದ ಸ್ಕಾಟನ ಮರದ ಮನೆ ಇಂದಿಗೂ ಕೇಪ್ ಇವಾನ್ಸ್‌ನಲ್ಲಿ ನಿಂತಿದೆ, ಒಳಗೆ ಡಬ್ಬಿ-ಬಾಟಲಿಗಳ ಸಾಲೂ ಇದೆ. 2017ರಲ್ಲಿ ಕೇಪ್ ಅಡೇರ್‌ನ ಹಳೆಯ ಗುಡಿಸಲೊಂದನ್ನು ಸರಿಪಡಿಸುತ್ತಿದ್ದ ನ್ಯೂಜಿಲೆಂಡಿನ ತಂಡಕ್ಕೆ ಸ್ಕಾಟನ ಬಳಗದವರು ಬಿಟ್ಟದ್ದೆಂದು ನಂಬಲಾದ ಹಣ್ಣಿನ ಕೇಕ್ ಒಂದು ಸಿಕ್ಕಿತು. ಡಬ್ಬಿ ತುಕ್ಕು ಹಿಡಿದಿತ್ತು. ಒಳಗಿನ ಕೇಕ್ ನೂರು ವರ್ಷ ದಾಟಿದ್ದರೂ ತಿನ್ನಬಹುದೇನೋ ಎನ್ನುವಂತಿತ್ತು. ಒಣ ಕಣಿವೆಗಳಲ್ಲಿ ದಾರಿ ತಪ್ಪಿ ಬಂದು ಸತ್ತ ಸೀಲ್‌ಗಳು ನೂರಾರು ವರ್ಷಗಳಿಂದ ಒಣಗಿ ಬಿದ್ದಿವೆ. 2014ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಸಿಗ್ನಿ ದ್ವೀಪದ ಹೆಪ್ಪುಗಟ್ಟಿದ ನೆಲದಿಂದ ತೆಗೆದ, ಒಂದೂವರೆ ಸಾವಿರ ವರ್ಷಕ್ಕೂ ಹಳೆಯದಾದ ಪಾಚಿ ಮತ್ತೆ ಚಿಗುರಿದ್ದನ್ನು ವರದಿ ಮಾಡಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೊಳೆಯುವುದನ್ನು ನಾವು ಹೀನವೆಂದು ತಿಳಿಯುತ್ತೇವೆ. ಆದರೆ ಬಿದ್ದ ಎಲೆ ಕೊಳೆತರೆ ತಾನೆ ಮುಂದಿನ ಗಿಡಕ್ಕೆ ಗೊಬ್ಬರ? ಶೀತ ಪ್ರದೇಶದಲ್ಲಿ ಈ ಚಕ್ರ ಬಹಳ ನಿಧಾನ. ಚಳಿಯಲ್ಲೂ ಕೆಲಸ ಮಾಡಬಲ್ಲ ಬ್ಯಾಕ್ಟೀರಿಯಾಗಳು ಅಲ್ಲಿ ಇವೆ. ಭಾರತದ ಕೇಂದ್ರವಿರುವ ಶಿರ್ಮಾಕರ್ ಪ್ರದೇಶದ ಮಣ್ಣಿನಿಂದ ಹೈದರಾಬಾದಿನ ವಿಜ್ಞಾನಿಗಳು ಅಂಥದೊಂದು ಹೊಸ ಪ್ರಭೇದವನ್ನು 1992ರಲ್ಲಿ ವರ್ಣಿಸಿದ್ದಾರೆ. ಆದರೂ ಅವು ವರ್ಷದಲ್ಲಿ ಕೆಲವೇ ವಾರ ಚುರುಕಾಗಿರುತ್ತವೆ. ಆದ್ದರಿಂದ ಅಲ್ಲಿ ಪಾಚಿಯ ಹಾಸಿನ ಮೇಲೆ ಒಮ್ಮೆ ಬೂಟುಗಾಲಿಟ್ಟರೆ ಆ ಗುರುತು ವರ್ಷಾನುಗಟ್ಟಲೆ ಅಳಿಯುವುದಿಲ್ಲ. ಸುರಿದ ಎಣ್ಣೆ ಆರುವುದಿಲ್ಲ, ಎಸೆದ ಸಿಪ್ಪೆ ಮಣ್ಣಾಗುವುದಿಲ್ಲ.

ಮನುಷ್ಯ ಕಾಲಿಡದ ಕಡೆಗೂ ಅವನ ಕೊಳೆ ತಲುಪಿದೆ. ಅಂಟಾರ್ಕ್ಟಿಕಾದಲ್ಲಿ ಯಾರೂ ಹೊಲಕ್ಕೆ ಡಿ.ಡಿ.ಟಿ. ಹೊಡೆದವರಲ್ಲ. ಆದರೆ 1966ರಲ್ಲಿ ಪ್ರಕಟವಾದ ಸಂಶೋಧನೆಗಳು ಅಲ್ಲಿನ ಅಡೇಲಿ ಪೆಂಗ್ವಿನ್‌ಗಳ ಕೊಬ್ಬಿನಲ್ಲಿ ಡಿ.ಡಿ.ಟಿ. ಇರುವುದನ್ನು ತೋರಿಸಿದವು. ಬೆಚ್ಚನೆಯ ನಾಡುಗಳಲ್ಲಿ ಆವಿಯಾದ ರಾಸಾಯನಿಕ ಗಾಳಿಯಲ್ಲಿ ಸಾಗಿ ಶೀತ ನಾಡಿನಲ್ಲಿ ಇಳಿಯುತ್ತದೆ. ಕೊಬ್ಬಿನಲ್ಲಿ ಕರಗುವ ಇಂಥ ವಿಷಕ್ಕೆ ಕೊಬ್ಬೇ ನಾಣ್ಯವಾದ ಸಂಸಾರ ಒಳ್ಳೆಯ ಉಗ್ರಾಣ.

ಬುತ್ತಿ ಕಟ್ಟಿದ ಊರು

ಈಗ ಮೈಸೂರಿಗೆ ಬರೋಣ. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಾವೆಲ್ಲ ಸಿ.ಎಫ್.ಟಿ.ಆರ್.ಐ. ಎನ್ನುವ ಸಂಸ್ಥೆ, ಆರಂಭವಾಯಿತು. 1961ರಲ್ಲಿ ಸೈನಿಕರ ಆಹಾರಕ್ಕೆಂದೇ ಇನ್ನೊಂದು ಸಂಸ್ಥೆ ಮೈಸೂರಿನಲ್ಲಿ ಹುಟ್ಟಿತು. ಬಹುಕಾಲ ಡಿ.ಎಫ್.ಆರ್.ಎಲ್. ಎಂಬ ಹೆಸರಿನಿಂದ ಊರಿನವರು ಬಲ್ಲ ರಕ್ಷಣಾ ಆಹಾರ ಸಂಶೋಧನಾಲಯವದು. ರಾಜೀವನಗರದಿಂದ ಸಿದ್ಧಾರ್ಥನಗರದ ಆ ಆವರಣಕ್ಕೆ ಕೆಲವೇ ಕಿಲೋಮೀಟರ್ ದೂರ.

ಹಿಮಾಲಯದ ಠಾಣೆಗಳಲ್ಲಿ ಸೈನಿಕನ ಹೊಟ್ಟೆಗೆ ಎರಡು ಬಗೆಯ ಕಷ್ಟ. ಚಳಿಗೆ ಹೆಚ್ಚು ತಿನ್ನಬೇಕು. ಆದರೆ ಎತ್ತರಕ್ಕೆ ಏರಿದಂತೆ ಹಸಿವೇ ಸಾಯುತ್ತದೆ. ಅನ್ನ ಬೇಯಿಸೋಣವೆಂದರೆ ನೀರು ಕಡಿಮೆ ಶಾಖಕ್ಕೇ ಕುದಿದುಬಿಡುತ್ತದೆ, ಕಾಳು ಬೇಯುವುದಿಲ್ಲ. ಕುಡಿಯುವ ನೀರಿಗೂ ಹಿಮವನ್ನು ಸೀಮೆಎಣ್ಣೆ ಒಲೆಯಲ್ಲಿ ಕರಗಿಸಬೇಕು. ಆದ್ದರಿಂದ ಬೇಕಾದದ್ದು ಹಗುರವಾದ, ಬೇಗ ಸಿದ್ಧವಾಗುವ, ಮನೆಯ ರುಚಿ ಇರುವ, ಕೆಡದ ಆಹಾರ. ತಿಂಗಳುಗಟ್ಟಲೆ ಉಳಿಯುವ ಚಪಾತಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಪೊಟ್ಟಣದಲ್ಲಿ ಮುಚ್ಚಿ ಶಾಖ ಕೊಟ್ಟ ಪಲಾವ್, ಹಲ್ವ, ಇವೆಲ್ಲ ಈ ಪ್ರಯೋಗಾಲಯದಲ್ಲಿ ರೂಪುಗೊಂಡವು. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಜೊತೆಗೆ ಮೈಸೂರಿನ ತಿನಿಸೂ ಹೋಯಿತು. ಅಂಟಾರ್ಕ್ಟಿಕಾಗೆ ಹೋದ ಭಾರತೀಯ ತಂಡಗಳ ಬುತ್ತಿಯಲ್ಲೂ ಮೈಸೂರಿನ ಪೊಟ್ಟಣಗಳಿದ್ದವು.

ಇಲ್ಲಿ ಬಳಸಿದ ವಿಧಾನಗಳಲ್ಲಿ ಒಂದು ಶೀತದ್ದೇ. ಆಹಾರವನ್ನು ಮೊದಲು ಹೆಪ್ಪುಗಟ್ಟಿಸಿ ಆಮೇಲೆ ಗಾಳಿ ತೆಗೆದ ಕೋಣೆಯಲ್ಲಿಟ್ಟರೆ ಮಂಜು ಕರಗದೆ ನೇರವಾಗಿ ಆವಿಯಾಗುತ್ತದೆ. ರುಚಿ, ಆಕಾರ ಬಹುಪಾಲು ಹಾಗೇ ಉಳಿದು ನೀರು ಮಾತ್ರ ಹೊರಟುಹೋಗುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ರೈತರು ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೊಡ್ಡಿ, ಬೆಳಿಗ್ಗೆ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಇಡುವುದು ಇದರ ಹಳೆಯ ರೂಪ. ಒಣ ಕಣಿವೆಯ ಗಾಳಿ ಆ ಸೀಲ್‌ಗಳಿಗೆ ಮಾಡಿದ್ದೂ ಇದನ್ನೇ. ಕಣಿವೆ ನೂರಾರು ವರ್ಷಗಳಿಂದ ಮಾಡುತ್ತಿದ್ದ ಕೆಲಸವನ್ನು ಮೈಸೂರಿನ ಯಂತ್ರ ಕೆಲವು ಗಂಟೆಗಳಲ್ಲಿ ಮಾಡಿತು.

ಭಾರತಕ್ಕೆ ಅಂಟಾರ್ಕ್ಟಿಕಾದ ಆಸಕ್ತಿ ಹೊಸದೇನಲ್ಲ. ಆ ಖಂಡ ಶಾಂತಿಯ ಕೆಲಸಕ್ಕೆ ಮಾತ್ರ ಬಳಕೆಯಾಗಲಿ ಎಂಬ ವಿಷಯವನ್ನು 1956ರಲ್ಲೇ ನಮ್ಮ ದೇಶ ವಿಶ್ವಸಂಸ್ಥೆಯ ಮುಂದೆ ತಂದಿತ್ತು. ಡಾ. ಸಯ್ಯದ್ ಜಹೂರ್ ಖಾಸಿಂ ಅವರ ನೇತೃತ್ವದಲ್ಲಿ 21 ಜನರ ಮೊದಲ ತಂಡ 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟು 1982ರ ಜನವರಿ 9ರಂದು ಅಲ್ಲಿ ಇಳಿಯಿತು. 1983-84ರ ಮೂರನೆಯ ತಂಡ 'ದಕ್ಷಿಣ ಗಂಗೋತ್ರಿ' ಕೇಂದ್ರವನ್ನು ಕಟ್ಟಿತು. ಅದೇ ತಂಡದಲ್ಲಿ ಅದಿತಿ ಪಂತ್ ಮತ್ತು ಸುದೀಪ್ತಾ ಸೇನ್‌ಗುಪ್ತಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳೂ ಇದ್ದರು.

ದಕ್ಷಿಣ ಗಂಗೋತ್ರಿಯ ಗತಿ ಪಾಠವಾಗುವಂಥದು. ಅದನ್ನು ಕಟ್ಟಿದ್ದು ಕಡಲ ಮೇಲೆ ಚಾಚಿದ ಹಿಮದ ಹಾಸಿನ ಮೇಲೆ. ವರ್ಷವರ್ಷವೂ ಬಿದ್ದ ಮಂಜು ಕರಗದೆ ಪೇರುತ್ತ ಬಂತು. ಕಟ್ಟಡ ನಿಧಾನವಾಗಿ ಹೂತುಹೋಗಿ 1990ರಲ್ಲಿ ಅದನ್ನು ಕೈಬಿಡಬೇಕಾಯಿತು. ಅಷ್ಟರಲ್ಲಿ 1989ರಲ್ಲಿ 'ಮೈತ್ರಿ' ಸಿದ್ಧವಾಗಿತ್ತು. ಇದನ್ನು ಕಟ್ಟಿದ್ದು ಶಿರ್ಮಾಕರ್ ಓಯಸಿಸ್ ಎಂಬ, ಸುಮಾರು 35 ಚದರ ಕಿಲೋಮೀಟರಿನ ಕಲ್ಲುನೆಲದ ಮೇಲೆ. ನೂರಕ್ಕೂ ಹೆಚ್ಚು ಕೆರೆಗಳಿರುವ ಆ ನೆಲದಲ್ಲಿ ಮೈತ್ರಿಗೆ ನೀರು ಕೊಡುವ ಕೆರೆಯ ಹೆಸರು ಪ್ರಿಯದರ್ಶಿನಿ. 2012ರಲ್ಲಿ ಲಾರ್ಸ್‌ಮನ್ ಗುಡ್ಡಗಳಲ್ಲಿ 'ಭಾರತಿ' ಕೇಂದ್ರವೂ ಆರಂಭವಾಯಿತು.

ಕೇಂದ್ರಗಳು ಹೆಚ್ಚಿದಂತೆ ಕಸವೂ ಹೆಚ್ಚಿತು. ಹಿಂದಿನ ದಶಕಗಳಲ್ಲಿ ಎಷ್ಟೋ ದೇಶದವರು ಖಾಲಿ ಡ್ರಮ್ಮು, ಮುರಿದ ಗಾಡಿಗಳನ್ನು ಅಲ್ಲೇ ಬಿಟ್ಟಿದ್ದುಂಟು. 1991ರ ಅಕ್ಟೋಬರ್ 4ರಂದು ಮ್ಯಾಡ್ರಿಡ್‌ನಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಪರಿಸರ ರಕ್ಷಣೆಯ ಒಪ್ಪಂದ ಇದಕ್ಕೆ ಕಡಿವಾಣ ಹಾಕಿತು. ಅದರ ನಿಯಮಗಳನ್ನು ಓದುತ್ತಿದ್ದರೆ ಕಟ್ಟುನಿಟ್ಟಾದ ಅತ್ತೆಯೊಬ್ಬಳು ಅಡುಗೆಮನೆಯಲ್ಲಿ ಅಪ್ಪಣೆ ಕೊಡುತ್ತಿರುವಂತೆ ಅನಿಸುತ್ತದೆ. ಪ್ಯಾಕಿಂಗಿಗೆ ಥರ್ಮಕೋಲ್ ಮಣಿ ತರಬೇಡಿ. ಕೀಟನಾಶಕ ತರಬೇಡಿ. ಹೊರಗಿನ ಮಣ್ಣು ತರಬೇಡಿ. ಕೋಳಿಮಾಂಸ ತಂದರೆ ರೋಗವಿಲ್ಲವೆಂದು ಪರೀಕ್ಷಿಸಿ ತನ್ನಿ. ಪ್ಲಾಸ್ಟಿಕ್, ಬ್ಯಾಟರಿ, ಎಣ್ಣೆಯ ಡ್ರಮ್ಮು ಎಲ್ಲವನ್ನೂ ಹಡಗಿನಲ್ಲಿ ವಾಪಸು ಒಯ್ಯಿರಿ. ದಶಕಗಳ ಕಾಲ ಗಾಡಿ ಎಳೆದ ನಾಯಿಗಳೂ 1994ರ ಏಪ್ರಿಲ್ ಹೊತ್ತಿಗೆ ಖಂಡ ಬಿಡಬೇಕಾಯಿತು, ಅವುಗಳ ರೋಗ ಸೀಲ್‌ಗಳಿಗೆ ತಾಗಬಾರದೆಂದು.

ಇಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರಿಗೆ ಪೋಲೆಂಡಿನ ಆರ್ಕ್ಟೋವ್ಸ್ಕಿ ಕೇಂದ್ರದ ಉದಾಹರಣೆ ಇದೆ. 1985ರ ಸುಮಾರಿಗೆ ಅಲ್ಲಿ ಒಂದು ಹೊರಗಿನ ಹುಲ್ಲು ಕಾಣಿಸಿಕೊಂಡಿತು. ಜನರ ಬೂಟಿಗೋ ಸಾಮಾನಿಗೋ ಅಂಟಿ ಬಂದ ಬೀಜವದು. ನಮ್ಮಲ್ಲಿ ಒಂದು ಹುಲ್ಲು ಹೆಚ್ಚಾದರೆ ದನ ಮೇಯುತ್ತದೆ. ಎರಡೇ ಹೂಗಿಡಗಳಿರುವ ನಾಡಿಗೆ ಮೂರನೆಯದು ಬರುವುದು ಸಣ್ಣ ಮಾತಲ್ಲ.

ಕಾಡುಗುಲಾಬಿಯ ಹಿಮನದಿ

ಅಂಟಾರ್ಕ್ಟಿಕಾಗೆ ಸಂಶೋಧಕರು ಇಷ್ಟಪಟ್ಟು ಹೋಗುತ್ತಾರೆ. ನಮ್ಮದೇ ದೇಶದಲ್ಲಿ ಕರ್ತವ್ಯಕ್ಕಾಗಿ ಹೋಗುವ ಶೀತದ ನಾಡೊಂದಿದೆ. ಸಿಯಾಚಿನ್ ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ. ಬಾಲ್ಟಿ ಭಾಷೆಯಲ್ಲಿ ಆ ಹೆಸರಿನ ಅರ್ಥ ಕಾಡುಗುಲಾಬಿಗಳು ಹೇರಳವಾಗಿರುವ ಜಾಗ. ಹಿಮನದಿಯ ಕೆಳಗಿನ ನುಬ್ರಾ ಕಣಿವೆಯಲ್ಲಿ ಆ ಗುಲಾಬಿಗಳು ಇಂದಿಗೂ ಅರಳುತ್ತವೆ. ಐಬೆಕ್ಸ್ ಎಂಬ ಕಾಡುಮೇಕೆಯೂ ಹಿಮಚಿರತೆಯೂ ಆ ಸೀಮೆಯ ಪ್ರಾಣಿಗಳು. ಮೇಲಿನ ಠಾಣೆಗಳಲ್ಲಿ ಚಳಿ ಶೂನ್ಯಕ್ಕಿಂತ 50 ಡಿಗ್ರಿಗೂ ಕೆಳಗಿಳಿಯುತ್ತದೆ. 1984ರ ಏಪ್ರಿಲ್ 13ರಿಂದ ಅಲ್ಲಿ ನಮ್ಮ ಸೈನಿಕರಿದ್ದಾರೆ.

2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದದ್ದನ್ನು ಓದುಗರು ಮರೆತಿರಲಾರರು. ಅವರಲ್ಲಿ ಮೂವರು ಕರ್ನಾಟಕದವರು: ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ್, ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್, ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನದ ಮೇಲೆ ಹನುಮಂತಪ್ಪ ಮಾತ್ರ ಜೀವಂತ ಸಿಕ್ಕಿದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅದೇ ಹಿಮದಲ್ಲಿ 1984ರ ಮೇ ತಿಂಗಳಲ್ಲಿ ಕಣ್ಮರೆಯಾಗಿದ್ದ ಉತ್ತರಾಖಂಡದ ಲಾನ್ಸ್ ನಾಯಕ್ ಚಂದ್ರಶೇಖರ ಹರ್ಬೋಲಾ ಅವರ ಅವಶೇಷ 38 ವರ್ಷಗಳ ಮೇಲೆ 2022ರ ಆಗಸ್ಟ್‌ನಲ್ಲಿ ಸಿಕ್ಕಿತು. ಸೇನೆಯ ಗುರುತಿನ ಬಿಲ್ಲೆಯ ಮೇಲಿನ ಸಂಖ್ಯೆ ಓದುವಂತಿತ್ತು. ಹಿಮ ಕೊಂದದ್ದನ್ನೂ ಹಿಮವೇ ಕಾಪಾಡಿಟ್ಟಿತ್ತು.

ಸೈನಿಕರು ತಿಂದ ಊಟದ ಡಬ್ಬಿ, ಪೊಟ್ಟಣ, ಸೀಮೆಎಣ್ಣೆಯ ಕ್ಯಾನ್ ಇವೆಲ್ಲಕ್ಕೂ ಹಿಮದ ನಿಯಮ ಒಂದೇ. ಬಹಳ ವರ್ಷ ಅವು ಹಿಮನದಿಯ ಸೀಳುಗಳಲ್ಲೇ ಉಳಿದವು. ಈ ಹಿಮನದಿ ಕರಗಿ ಹುಟ್ಟುವ ನುಬ್ರಾ ಹೊಳೆ ಶ್ಯೋಕ್ ನದಿಯನ್ನು ಸೇರಿ, ಶ್ಯೋಕ್ ಸಿಂಧೂ ನದಿಯನ್ನು ಸೇರುತ್ತದೆ. ಮೇಲೆ ಹೂತದ್ದು ಎಂದಾದರೊಂದು ದಿನ ಕೆಳಗಿನವರ ಕೊಡಕ್ಕೆ ಬರಲೇಬೇಕು. ಇದನ್ನು ಮನಗಂಡ ಸೇನೆ 2018ರ ಜನವರಿಯಿಂದ ಕಸ ಇಳಿಸುವ ಕೆಲಸ ಕೈಗೊಂಡು, ಮುಂದಿನ ವರ್ಷದ ಹೊತ್ತಿಗೆ ಸುಮಾರು 130 ಟನ್ ಕಸವನ್ನು ಅಲ್ಲಿಂದ ಕೆಳಗೆ ತಂದಿತು. ಹೊತ್ತು ಹತ್ತಿಸಿದ್ದನ್ನು ಹೊತ್ತೇ ಇಳಿಸಬೇಕು. ಉಸಿರಾಟವೇ ಕಷ್ಟವಾದ ಎತ್ತರದಲ್ಲಿ ಅದು ಎಂಥ ಕೆಲಸವೆಂದು ಊಹಿಸಬಹುದು.

ಉಗ್ರಾಣದ ಬಾಗಿಲು

ಇಷ್ಟು ಕಾಲ ಈ ನಾಡುಗಳು ನಮ್ಮ ಪಾಲಿಗೆ ಬೀಗ ಹಾಕಿದ ಉಗ್ರಾಣಗಳಾಗಿದ್ದವು. ಈಗ ಬಾಗಿಲು ಸಡಿಲವಾಗುತ್ತಿದೆ. 2016ರ ಬೇಸಿಗೆಯಲ್ಲಿ ಸೈಬೀರಿಯಾದ ಯಮಾಲ್ ಪ್ರದೇಶದಲ್ಲಿ ಅಸಾಧಾರಣ ಬಿಸಿಗೆ ಹೆಪ್ಪುನೆಲ ಕರಗಿ, ಅದರಲ್ಲಿ ಹುದುಗಿದ್ದ ಆಂಥ್ರಾಕ್ಸ್ ರೋಗಾಣು ಹೊರಬಂದಿತೆಂದು ತಜ್ಞರು ಹೇಳಿದರು. ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು, ಹನ್ನೆರಡು ವರ್ಷದ ಬಾಲಕನೂ ತೀರಿಕೊಂಡ. 2022ರ ಮಾರ್ಚ್ 18ರಂದು ಪೂರ್ವ ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ಕೇಂದ್ರದಲ್ಲಿ ಉಷ್ಣತೆ ಶೂನ್ಯಕ್ಕಿಂತ ಕೇವಲ 12.2 ಡಿಗ್ರಿ ಕೆಳಗಿತ್ತು. ಆ ಕಾಲಕ್ಕೆ ಅಲ್ಲಿ ಇರಬೇಕಾದದ್ದಕ್ಕಿಂತ ಅದು ಸುಮಾರು 40 ಡಿಗ್ರಿ ಹೆಚ್ಚು. ಅದೇ ವರ್ಷ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಕಡೆ ಗಮನಿಸಿದ ಐದು ಚಕ್ರವರ್ತಿ ಪೆಂಗ್ವಿನ್ ನೆಲೆಗಳಲ್ಲಿ ನಾಲ್ಕರಲ್ಲಿ, ಮರಿಗಳಿಗೆ ನೀರು ತಡೆಯುವ ಗರಿ ಬರುವ ಮುನ್ನವೇ ಕಾಲಡಿಯ ಮಂಜುಗಡ್ಡೆ ಒಡೆದುಹೋಯಿತು. ನಾಲ್ಕು ತಿಂಗಳು ಉಪವಾಸವಿದ್ದು ಕಾವು ಕೊಟ್ಟ ತಂದೆಹಕ್ಕಿಗಳ ಆ ವರ್ಷದ ಶ್ರಮವೆಲ್ಲ ನೀರುಪಾಲಾಯಿತು.

ಇದನ್ನೆಲ್ಲ ಓದಿ ರಾಜೀವನಗರದವರು ಏನು ಮಾಡಬೇಕು? ಬುತ್ತಿ ಕಟ್ಟುವುದನ್ನು ಬಿಡಬೇಕಾಗಿಲ್ಲ. ಹಿಮದ ಮೇಲೆ ನಿಂತವನಿಗೆ ಬಿಸಿ ಉಪ್ಪಿಟ್ಟು ತಲುಪಿಸಿದ್ದು ನಮ್ಮ ಊರು ಹೆಮ್ಮೆಪಡುವ ಕೆಲಸ. ಆದರೆ ಕೊಳೆಯುವುದನ್ನು ತಡೆಯಲು ಅಲ್ಯೂಮಿನಿಯಂ ಹಾಳೆ, ಪ್ಲಾಸ್ಟಿಕ್ ಪದರ ಸೇರಿಸಿ ಮಾಡಿದ ಪೊಟ್ಟಣ ತಾನೂ ಕೊಳೆಯುವುದಿಲ್ಲ ಎಂಬುದನ್ನು ಹಿಮದ ನಾಡು ನಮಗೆ ತೋರಿಸಿಕೊಟ್ಟಿದೆ. ಸೈನಿಕರಿಗೆಂದು ಬೆಳೆದ ಇಂಥ ಪೊಟ್ಟಣಗಳ ವಿದ್ಯೆ ಈಗ ಬೀದಿ ಮೂಲೆಯ ಪ್ರತಿ ಅಂಗಡಿಯಲ್ಲೂ ತೂಗಾಡುತ್ತಿದೆ. ನಮ್ಮ ಬಡಾವಣೆಯ ಖಾಲಿ ಸೈಟುಗಳಲ್ಲಿ ಬಿದ್ದ ಚಿಪ್ಸ್ ಪೊಟ್ಟಣ ಮೂರು ಮಳೆಗಾಲ ಕಳೆದರೂ ಹೊಳೆಯುತ್ತಲೇ ಇರುತ್ತದೆ. ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ದಶಕಗಳ ಕಸ ಗುಡ್ಡವಾಗಿ ಬೆಳೆದದ್ದನ್ನು ಮೈಸೂರಿಗರೆಲ್ಲ ಬಲ್ಲರು. ಬಿಸಿಲೂ ಮಳೆಯೂ ಗೆದ್ದಲೂ ಧಾರಾಳವಾಗಿರುವ ಊರಿನಲ್ಲಿ ಕುಳಿತು ನಾವೂ ಒಂದು ಕೊಳೆಯದ ನಾಡನ್ನು ಕಟ್ಟುತ್ತಿದ್ದೇವೆ.

ಅಜ್ಜಿಯ ವಿದ್ಯೆಯಲ್ಲಿ ಇದಕ್ಕೂ ಉತ್ತರವಿತ್ತು. ಉಪ್ಪಿನಕಾಯಿ ಎರಡು ವರ್ಷ ಕೆಡುತ್ತಿರಲಿಲ್ಲ. ಅದು ಮುಗಿದ ದಿನ ಜಾಡಿಯನ್ನು ತೊಳೆದು, ಬಿಸಿಲಿಗೆ ಬೋರಲು ಹಾಕಿ, ಮುಂದಿನ ಮಾವಿನಕಾಯಿಗೆಂದು ಅಟ್ಟದ ಮೇಲೆ ಇಡುತ್ತಿದ್ದಳು.